ನನ್ನ ದೊಡ್ಡ ದನಿ

ನನ್ನ ದನಿ ಸ್ವಲ್ಪ ದೊಡ್ಡದು. ಔಷಧಿ ಅಂಗಡಿ ಕೆಲಸಕ್ಕೆ ಇದು ಒಳ್ಳೆಯದೇ ಅಂದುಕೊಂಡಿದ್ದೆ. ಎಷ್ಟೇ ಗದ್ದಲ ಇರಲಿ, ‘ಊಟ ಆದ ಮೇಲೆ ಒಂದು’ ಅಂದರೆ ಎಲ್ಲರಿಗೂ ಕೇಳಿಸುತ್ತದೆ. ಎಲ್ಲರಿಗೂ ಕೇಳಿಸುತ್ತದಲ್ಲ, ತೊಂದರೆ ಆಗಿದ್ದೇ ಅಲ್ಲಿ.

ಒಂದು ಸಂಜೆ ಒಬ್ಬ ಮೇಡಂ ಚೀಟಿ ಕೊಟ್ಟರು. ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ, ಮಲಗುವಾಗ ಒಂದು. ಮಾತ್ರೆ ತೆಗೆಯುತ್ತಾ, ‘ಇದು ಡಿಪ್ರೆಶನ್ ಮಾತ್ರೆ, ಮುಂಚೆ ತಗೊಂಡಿದ್ದೀರಾ?’ ಅಂದೆ. ಅವರು ಏನೂ ಹೇಳದೆ ದುಡ್ಡು ಕೊಟ್ಟು ಹೊರಟರು. ಹಿಂದೆ ನಿಂತಿದ್ದವರು ಅವರ ಆಫೀಸಿನವರೇ ಅಂತ ನನಗೇನು ಗೊತ್ತು?

ಗೊತ್ತಾಗಿದ್ದು ಮುಂದಿನ ವಾರ, ಅವರೇ ಬಂದು ಹೇಳಿದಾಗ. ಜಗಳ ಆಡಲಿಲ್ಲ. ‘ನನಗಿರೋದು ಮೈಗ್ರೇನ್. ಈಗ ಆಫೀಸಲ್ಲಿ ಎಲ್ಲರೂ ನನ್ನ ಹತ್ತಿರ ಮೆತ್ತಗೆ ಮಾತಾಡ್ತಾರೆ’ ಅಂದರು, ಅಷ್ಟೇ.

ಅದು ಡಿಪ್ರೆಶನ್‌ಗೆ ಕೊಡುವ ಮಾತ್ರೆ, ನಿಜ. ಆದರೆ 10 ಮಿಲಿಗ್ರಾಂನಷ್ಟು ಕಡಿಮೆ ಡೋಸ್ ಬರೆದಿದ್ದರೆ ಹೆಚ್ಚಾಗಿ ಮೈಗ್ರೇನ್ ತಡೆಯಲು, ಇಲ್ಲವೇ ನರದ ನೋವಿಗೆ. ನನಗದು ಗೊತ್ತಿತ್ತು. ಬಾಯಿ ತಡೆಯಲಿಲ್ಲ. ಡಿಪ್ರೆಶನ್ನೇ ಆಗಿದ್ದರೂ ಅದನ್ನು ಸಾರಲು ನಾನ್ಯಾರು?

ಮಾತ್ರೆಯ ಹೆಸರು ಕೇಳಿದ ಕೂಡಲೇ ಜನ ಕಾಯಿಲೆ ಲೆಕ್ಕ ಹಾಕುತ್ತಾರೆ. ಮೆಟ್‌ಫಾರ್ಮಿನ್ ಅಂದರೆ ಶುಗರ್. ಹೆಣ್ಣುಮಕ್ಕಳ ಹಾರ್ಮೋನ್ ತೊಂದರೆ ಪಿಸಿಓಎಸ್‌ಗೂ ಅದನ್ನು ಕೊಡುತ್ತಾರೆ. ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವುದು ಇದೇ) ಅಂದರಂತೂ ಸಾಲಿನಲ್ಲಿ ಒಬ್ಬರಾದರೂ ಕಿಸಕ್ ಅನ್ನುತ್ತಾರೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಜಾಸ್ತಿ ಇರುವವರಿಗೂ ಅದೇ ಔಷಧಿ, ಮಕ್ಕಳಿಗೂ ಕೊಡುವುದುಂಟು.

ಈಗ ನಾನು ಹೆಸರು ಹೇಳುವುದಿಲ್ಲ. ಸ್ಟ್ರಿಪ್ ಮೇಲೆ ಬೆರಳಿಟ್ಟು ‘ಇದು ರಾತ್ರಿ’ ಅನ್ನುತ್ತೇನೆ. ಏನಾದರೂ ಕೇಳುವುದಿದ್ದರೆ ಕೌಂಟರ್ ಮೂಲೆಗೆ ಕರೆಯುತ್ತೇನೆ. ಕಂಪ್ಯೂಟರ್ ಪರದೆ ಗೋಡೆ ಕಡೆ ತಿರುಗಿದೆ. ‘ನಮ್ಮ ಮನೆಯವರು ಏನು ತಗೊಂಡು ಹೋದ್ರು?’ ಅಂತ ಫೋನ್ ಮಾಡುವ ಗಂಡಂದಿರಿಗೆ ಒಂದೇ ಉತ್ತರ, ‘ಅವರನ್ನೇ ಕೇಳಿ ಸರ್’. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಕಿವಿ ಮಂದ ಇರುವವರ ಹತ್ತಿರ ಮಾತ್ರ ನನ್ನ ಆಟ ನಡೆಯುವುದಿಲ್ಲ. ಮೊನ್ನೆ ಒಬ್ಬರು ಅಜ್ಜ ಬಂದಿದ್ದರು, ಪ್ರಾಸ್ಟೇಟ್ ತೊಂದರೆ. ನಾನು ಪಿಸುಗುಟ್ಟಿದಷ್ಟೂ ಅವರು ‘ಆಂ? ಆಂ?’ ಅನ್ನುತ್ತಿದ್ದರು. ಕೊನೆಗೆ ಹಾಳೆ ತೆಗೆದುಕೊಂಡು ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅಜ್ಜ ಕನ್ನಡಕ ಏರಿಸಿದರು. ಆಮೇಲೆ ಮೊದಲ ಸಾಲಿನಿಂದ ಕೊನೆಯವರೆಗೂ, ಇಡೀ ಅಂಗಡಿಗೆ ಕೇಳುವ ಹಾಗೆ ಓದಿದರು.