ಕ್ರೋಶಾ ತೋರಣಕ್ಕೆ ‘ಸುಸ್ವಾಗತ’ ನಕ್ಷೆ: 22ನೇ ಸಾಲಿನವರೆಗೆ

ಇಂಗ್ಲಿಷಿನ ‘ವೆಲ್‌ಕಮ್’ ನಕ್ಷೆ ಬೇಕಾದಷ್ಟು ಸಿಗುತ್ತವೆ. ಕನ್ನಡದ ದುಂಡು ಅಕ್ಷರ, ಅದರ ಕೆಳಗೊಂದು ಒತ್ತು ಬೇಕೆಂದರೆ ಚೌಕಳಿ ಹಾಳೆ ಹಿಡಿದು ನಾವೇ ಕೂರಬೇಕು. ಬಳ್ಳಾರಿಯ ಮನೆಯೊಂದರ ಮೂರಡಿ ಬಾಗಿಲಿಗೆ ನಡೆದಿರುವ ಕೆಲಸ ಇದು.

ಮೊದಲು ಲೆಕ್ಕದ ಭಾಷೆ. ಸೂಜಿಗೆ ಒಮ್ಮೆ ದಾರ ಸುತ್ತಿಕೊಂಡು ಹಾಕುವುದನ್ನು ಇಲ್ಲಿ ‘ಕಂಬ’ ಎನ್ನೋಣ. ಅಮೆರಿಕದ ಪುಸ್ತಕದಲ್ಲಿ ಅದು ಡಬಲ್, ಬ್ರಿಟಿಷ್ ಪುಸ್ತಕದಲ್ಲಿ ಟ್ರೆಬಲ್. ನಕ್ಷೆಯ ಒಂದು ಚೌಕಳಿಗೆ ‘ಮನೆ’, ಸೂಜಿಯಿಂದ ಎಳೆದ ಸರಪಳಿಯ ಒಂದೊಂದು ಕುಣಿಕೆಗೆ ‘ಚೈನು’. ಖಾಲಿ ಮನೆ ಎಂದರೆ 2 ಚೈನು, 1 ಕಂಬ. ತುಂಬಿದ ಮನೆ ಎಂದರೆ 3 ಕಂಬ. ಸಾಲಿನ ಕೊನೆಗೆ ಒಂದು ಕಂಬ ಹೆಚ್ಚು. ಹಾಗಾಗಿ ಒಟ್ಟಿಗೆ 5 ಮನೆ ತುಂಬಿದ್ದರೆ 16 ಕಂಬ. ಮನೆಗೆ ನಾಲ್ಕರಂತೆ 20 ಹಾಕಿದರೆ ಅಂಚು ಸೊಟ್ಟಗಾಗುತ್ತದೆ.

ಅಳತೆಗೊಂದು ಮಾದರಿ ತುಣುಕು ಹೆಣೆಯದೆ ನಕ್ಷೆ ಬರೆಯಬಾರದು. ಹತ್ತಿ ದಾರ, 2 ಮಿ.ಮೀ. ಸೂಜಿ, 10×10 ಮನೆ. ತೊಳೆದು ಒಣಗಿಸಿ ಅಳೆದಾಗ ಅಗಲ 9 ಸೆಂ.ಮೀ., ಎತ್ತರ 7.5. ಅಂದರೆ ಮನೆ ಚೌಕವಲ್ಲ, ಅಡ್ಡಕ್ಕೆ ಹಿಗ್ಗಿದೆ. ಗಣಿತದ ಗ್ರಾಫ್ ಹಾಳೆಯ ಮೇಲೆ ದುಂಡಗೆ ಬರೆದ ‘ಗ’ ಹೆಣೆದಾಗ ಮೇಲಿನಿಂದ ಯಾರೋ ಒತ್ತಿದಂತೆ ಚಪ್ಪಟೆಯಾಗುತ್ತದೆ. ಎಕ್ಸೆಲ್‌ನ ಪೇಜ್ ಲೇಔಟ್ ನೋಟದಲ್ಲಿ ಅಂಕಣದ ಅಗಲ 0.45 ಸೆಂ.ಮೀ., ಸಾಲಿನ ಎತ್ತರ 0.375 ಕೊಟ್ಟರೆ ಅರ್ಧ ಅಳತೆಯ ನಿಜವಾದ ಆಕಾರವೇ ಕಣ್ಣಿಗೆ ಕಾಣುತ್ತದೆ. ಅಡ್ಡ ಇಟ್ಟ ಎರಡು ಎ4 ಹಾಳೆ ಅಂಟಿಸಿದರೆ ಮುಗಿಯಿತು.

ಹಂಚಿಕೆ: ಅಗಲ 101 ಮನೆ (90.9 ಸೆಂ.ಮೀ.). ಎರಡೂ ಬದಿ 2 ಮನೆ ತುಂಬಿದ ಅಂಚು, ಅದರ ಒಳಗೆ 4 ಖಾಲಿ. ಸು 20, ಸ್ವಾ 25, ಗ 15, ತ 17, ನಡುವೆ ನಾಲ್ಕು ನಾಲ್ಕು ಮನೆ ಬಿಡುವು. ಒಟ್ಟು 30 ಸಾಲು: ಅಂಚು 2, ಖಾಲಿ 3, ಅಕ್ಷರ 14, ಖಾಲಿ 1, ಒತ್ತು 6, ಖಾಲಿ 2, ಅಂಚು 2. ಅಂಚು ತುಂಬಿದ್ದರಿಂದ ಪ್ರತಿ ಸಾಲೂ 3 ಚೈನಿನಿಂದಲೇ (ಅದು ಒಂದು ಕಂಬಕ್ಕೆ ಸಮ) ಶುರು, ತಲೆನೋವಿಲ್ಲ. ಬುಡಕ್ಕೆ 101×3+3, ಅಂದರೆ 306 ಚೈನು. ಮೊದಲ ಕಂಬ ಸೂಜಿಯಿಂದ ನಾಲ್ಕನೆಯದಕ್ಕೆ.

ಅಕ್ಷರ ಬಿಡಿಸುವಾಗ ಕೈಕೊಡುವುದು ಎರಡು ಕಡೆ. ಬಾಗುವಲ್ಲಿ ತುಂಬಿದ ಎರಡು ಮನೆ ಮೂಲೆಗೆ ಮೂಲೆ ಮಾತ್ರ ತಾಗಿದರೆ ಗೆರೆ ತುಂಡಾದಂತೆ ಕಾಣುತ್ತದೆ. ಮೇಲಿನ ಸಾಲಿನ ಒಂದು ಮನೆ ಕೆಳಗಿನದರ ಮೇಲೆ ಕೂರಲೇಬೇಕು, ಮೆಟ್ಟಿಲಿನಂತೆ. ಇನ್ನೊಂದು, ‘ತ’ದ ಒಳಗಿನ ಬಿಡುವು. ಒಂದೇ ಮನೆ ಬಿಟ್ಟರೆ ದಾರದ ದಪ್ಪಕ್ಕೆ ಮುಚ್ಚಿಹೋಗುತ್ತದೆ. ಮೊದಲ ನಕ್ಷೆಯಲ್ಲಿ ಹಾಗೇ ಆಗಿ ಅಲ್ಲಿ 2×3 ಬಿಡಬೇಕಾಯಿತು.

ತೋರಣ ಮೇಲಿನಿಂದ ಕೆಳಕ್ಕೆ ಹೆಣೆಯುವುದು, ನಕ್ಷೆ ಓದುವ ರೂಢಿ ಕೆಳಗಿನಿಂದ. ಹಲವರು ಕಂಪ್ಯೂಟರಿನಲ್ಲಿ ಚಿತ್ರವನ್ನು ಮೇಲೆಕೆಳಗು ಮಗುಚುತ್ತಾರೆ, ಅಕ್ಷರ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಮಗುಚಬೇಡಿ, ಹಾಳೆಯನ್ನೇ ತಲೆಕೆಳಗಾಗಿ ಇಟ್ಟು ಮಾಮೂಲಿನಂತೆ ಬಲದಿಂದ ಓದಿ. ಎರಡನೇ ಸಾಲು ಎಡದಿಂದ. ಸಾಲು ಎಲ್ಲಿ ಶುರುವೋ ಆ ಬದಿಗೇ ಅದರ ಸಂಖ್ಯೆ ಬರೆಯಿರಿ. ಅಕಸ್ಮಾತ್ ಅಕ್ಷರ ಕನ್ನಡಿಯಂತೆ ಬಂದರೂ ಬಿಚ್ಚುವುದು ಬೇಡ. ಈ ಜಾಲಿ ಹೆಣಿಗೆಗೆ ಒಳಮೈ ಹೊರಮೈ ಭೇದ ಕಡಿಮೆ, ತಿರುಗಿಸಿ ಕಟ್ಟಿದರೆ ಸರಿಹೋಗುತ್ತದೆ.

ಸದ್ಯ 22ನೇ ಸಾಲು, ವ-ಒತ್ತಿನ ಎರಡನೆಯದು. ಸಾಲಿನ ಬಹುಪಾಲು ಖಾಲಿ ಮನೆಗಳೇ ಆದ್ದರಿಂದ ಎಣಿಕೆ ತಪ್ಪುವುದೂ ಇಲ್ಲಿಯೇ. ಪ್ರತಿ 10 ಮನೆಗೆ ನಕ್ಷೆಯಲ್ಲಿ ದಪ್ಪ ಗೆರೆ, ಹೆಣಿಗೆಯಲ್ಲಿ ಬಣ್ಣದ ದಾರದ ತುಂಡು. ಬಿಸಿಲಿಗೆ ಕೈ ಬೆವತು ದಾರ ಬಿಗಿಯುತ್ತದೆ, ಐದು ಸಾಲಿಗೊಮ್ಮೆ ಅಗಲ ಅಳೆಯಬೇಕು, ಒಂದು ಸೆಂ.ಮೀ. ಕುಗ್ಗಿದ್ದರೆ ಮುಂದಿನ ಸಾಲಿನಿಂದಲೇ ಕೈ ಸಡಿಲ ಮಾಡಿ.

ಬಣ್ಣ ಬಿಳಿಯಲ್ಲ, ಇಟ್ಟಿಗೆಗೆಂಪು. ಅದಿರಿನ ಲಾರಿ ಓಡಾಡುವ ರಸ್ತೆಯ ಬಾಗಿಲಿಗೆ ಬಿಳಿ ಕಟ್ಟಿದರೆ ಕೆಲವೇ ದಿನಕ್ಕೆ ಅದೂ ಇದೇ ಬಣ್ಣಕ್ಕೆ ಬರುತ್ತದೆ.