ಓಡಿಸಿದ್ದಕ್ಕೆ ಸುಧಾರಿಸಿತೋ, ಬೆಳೆದಿದ್ದಕ್ಕೋ?

ಶಿರಸಿ, ಕಾರವಾರ ಕಡೆಯ ಪಾಲಕರೂ ಪಿ.ಟಿ. ಮಾಸ್ತರರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಜೂನ್‌ನಲ್ಲಿ ಮೈದಾನಕ್ಕೆ ಮೂರು ಸುತ್ತು ಹೊಡೆಯುವಷ್ಟರಲ್ಲಿ ಏದುಸಿರು ಬಿಡ್ತಿದ್ದ. ಫೆಬ್ರುವರಿಗೆ ಆರು ಸುತ್ತು ಆರಾಮಾಗಿ ಓಡ್ತಾನೆ. ಪ್ರಾಕ್ಟೀಸಿನಿಂದಲೇ ಅಲ್ವಾ ಸರ್?"

ಸ್ವಲ್ಪ ಮಟ್ಟಿಗೆ ಹೌದು. ಎಷ್ಟು ಮಟ್ಟಿಗೆ ಎನ್ನುವುದನ್ನು ಆ ಒಬ್ಬ ಹುಡುಗನನ್ನು ನೋಡಿ ಹೇಳಲು ಬರುವುದಿಲ್ಲ. ಮೂವತ್ತರ ಗಂಡಸು ಎಂಟು ತಿಂಗಳು ಓಡಿದರೆ ಮೊದಲೂ ಕೊನೆಗೂ ಅಳೆಯುವುದು ಅದೇ ದೇಹವನ್ನು. ಹದಿಮೂರರ ಹುಡುಗನದ್ದು ಅದೇ ದೇಹವಲ್ಲ. ಮೈ ಬಿಡುವ ವಯಸ್ಸಿನಲ್ಲಿ ಹುಡುಗರು ವರ್ಷಕ್ಕೆ 8ರಿಂದ 10 ಸೆಂ.ಮೀ. ಏರುತ್ತಾರೆ. ಈ ಏರಿಕೆಯ ತುದಿ ಹುಡುಗಿಯರಿಗೆ 12ರ ಆಸುಪಾಸು, ಹುಡುಗರಿಗೆ 14ರ ಆಸುಪಾಸು. ಎತ್ತರದ ಜೊತೆಗೆ ಹೃದಯ, ಶ್ವಾಸಕೋಶ, ಸ್ನಾಯು ಎಲ್ಲವೂ ದೊಡ್ಡದಾಗುತ್ತವೆ. ಹುಡುಗರಲ್ಲಿ ಹಿಮೋಗ್ಲೋಬಿನ್ ಕೂಡ ಏರುತ್ತದೆ. ಒಂದು ದಿನವೂ ಪ್ರಾಕ್ಟೀಸ್ ಮಾಡದವನ ಟೈಮೂ ಇಳಿಯುತ್ತದೆ.

ಇದರಲ್ಲಿ ಒಂದು ವಿಚಿತ್ರವಿದೆ. ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದನ್ನು ತೂಕದಿಂದ ಭಾಗಿಸಿ ನೋಡಿದರೆ, ಹುಡುಗರಲ್ಲಿ ಎಂಟನೇ ವಯಸ್ಸಿನಿಂದ ಹದಿನಾರರವರೆಗೂ ಅದು ಕಿಲೋಗೆ 48-50 ಮಿ.ಲೀ. ಹತ್ತಿರವೇ ನಿಂತಿರುತ್ತದೆ. ಹುಡುಗಿಯರಲ್ಲಿ ನಿಧಾನಕ್ಕೆ ಇಳಿಯುತ್ತದೆ. ಹಾಗಿದ್ದರೆ ಓಟ ಹೇಗೆ ಸುಧಾರಿಸಿತು? ಖರ್ಚು ಕಡಿಮೆಯಾಯಿತು. ಚಿಕ್ಕ ಮಕ್ಕಳ ಹೆಜ್ಜೆ ಗಿಡ್ಡ, ನಿಮಿಷಕ್ಕೆ ಹೆಚ್ಚು ಹೆಜ್ಜೆ ಹಾಕಬೇಕು. ಹಾಗಾಗಿ ಅದೇ ವೇಗಕ್ಕೆ ಪ್ರತಿ ಕಿಲೋ ತೂಕಕ್ಕೂ ಅವರು ದೊಡ್ಡವರಿಗಿಂತ ಹೆಚ್ಚು ಆಮ್ಲಜನಕ ಸುಡುತ್ತಾರೆ. ಕಾಲು ಉದ್ದವಾದಂತೆ ಆ ಖರ್ಚು ಇಳಿಯುತ್ತದೆ. ಸ್ಟಾಪ್‌ವಾಚಿಗೆ ಇದು 'ಸ್ಟ್ಯಾಮಿನಾ ಬಂತು' ಎಂದು ಕಾಣುತ್ತದೆ.

ಹಾಗೆಂದು ತರಬೇತಿ ವ್ಯರ್ಥವಲ್ಲ. ಹರೆಯಕ್ಕೆ ಬರುವ ಮುಂಚಿನ ಮಕ್ಕಳಲ್ಲಿ, ವಾರಕ್ಕೆ ಮೂರು ದಿನ ಕೆಲವು ತಿಂಗಳು ಸರಿಯಾಗಿ ಓಡಿಸಿದರೆ, ಆಮ್ಲಜನಕ ಬಳಸುವ ಈ ಗರಿಷ್ಠ ಸಾಮರ್ಥ್ಯ ಸರಾಸರಿ ಶೇ. 5-6ರಷ್ಟು ಏರುತ್ತದೆ. ದೊಡ್ಡವರಲ್ಲಿ ಇದು ಶೇ. 15-20ರವರೆಗೆ ಹೋಗುತ್ತದೆ. ಹರೆಯಕ್ಕೆ ಮೊದಲು ತರಬೇತಿ ಹೆಚ್ಚೇನೂ ಹತ್ತುವುದಿಲ್ಲ ಎಂಬ ವಾದವನ್ನು 1983ರಲ್ಲಿ ಸಂಶೋಧಕ ವಿಕ್ಟರ್ ಕ್ಯಾಚ್ ಮುಂದಿಟ್ಟರು. ಆಮೇಲಿನ ಅಧ್ಯಯನಗಳಲ್ಲಿ ಅಂಥ ಸ್ಪಷ್ಟ ಗೆರೆಯೇನೂ ಸಿಗಲಿಲ್ಲ. ಮಕ್ಕಳಲ್ಲೂ ಪರಿಣಾಮ ಇದೆ, ಆದರೆ ಸಣ್ಣದು. ಇಷ್ಟು ಸಣ್ಣದನ್ನು ಬೆಳವಣಿಗೆಯ ದೊಡ್ಡ ಏರಿಕೆಯೊಳಗಿಂದ ಹೆಕ್ಕಬೇಕಾದರೆ ಅಳತೆ ಕಟ್ಟುನಿಟ್ಟಾಗಿರಬೇಕು.

ಶಾಲೆಯಲ್ಲೇ ಇದನ್ನು ಪರೀಕ್ಷಿಸುವ ಮನಸ್ಸಿದ್ದರೆ ಮೊದಲು ಬೇಕಾದದ್ದು ಓಡದ ಗುಂಪು, ಅಂದರೆ ತರಬೇತಿಯಿಲ್ಲದೆ ಬರೀ ಬೆಳೆಯುವ ಮಕ್ಕಳು. 'ಯಾರು ಬರ್ತೀರಿ?' ಎಂದು ಕೇಳಿ ಗುಂಪು ಮಾಡಬೇಡಿ. ಕೈ ಎತ್ತುವವರು ಮೊದಲೇ ಚುರುಕಿನವರು, ಬಹಳ ಸಲ ಬೇಗ ಮೈಬಿಟ್ಟವರು. ಪಾಲಕರ ಒಪ್ಪಿಗೆ ಪತ್ರ ಪಡೆದು, ಮಗುವನ್ನೂ ಕೇಳಿ, ಒಪ್ಪಿದವರ ಹೆಸರಿನ ಚೀಟಿ ಎತ್ತಿ ಎರಡು ಭಾಗ ಮಾಡಿ. ಓಡದ ಗುಂಪಿಗೆ ಅಧ್ಯಯನ ಮುಗಿದ ಮೇಲೆ ಅದೇ ತರಬೇತಿ ಕೊಡಿ.

ಎತ್ತರವನ್ನು ಶುರುವಿಗೊಮ್ಮೆ, ಕೊನೆಗೊಮ್ಮೆ, ಎರಡೂ ಸಲ ಬೆಳಿಗ್ಗೆ ಅದೇ ಹೊತ್ತಿಗೆ ಅಳೆಯಿರಿ. ಸಂಜೆಯೊಳಗೆ ಬೆನ್ನು ಕುಗ್ಗಿ ಒಂದು ಸೆಂ.ಮೀ.ವರೆಗೂ ಕಡಿಮೆ ಬರುತ್ತದೆ. ಬರಿಗಾಲು, ಹಿಮ್ಮಡಿ ಗೋಡೆಗೆ, ನೋಟ ನೇರ, ನೆತ್ತಿಯ ಮೇಲೆ ದಪ್ಪ ಪುಸ್ತಕ ಒತ್ತಿ ಗುರುತು. ನೆತ್ತಿಯ ಮೇಲೆ ಕ್ಲಿಪ್ಪು, ತುರುಬು ಇದ್ದರೆ ಬಿಚ್ಚಿಸಿ. ಆಮೇಲೆ ಗೋಡೆಗೆ ತಾಗಿಸಿದ ಸ್ಟೂಲಿನ ಮೇಲೆ ಕೂರಿಸಿ ಅಳೆದು ಸ್ಟೂಲಿನ ಎತ್ತರ ಕಳೆಯಿರಿ. ಈ ಎರಡು ಅಳತೆ, ತೂಕ, ವಯಸ್ಸು ಸೇರಿಸಿ ಮಗು ಬೆಳವಣಿಗೆಯ ತುದಿಯಿಂದ ಎಷ್ಟು ದೂರವಿದೆ ಎಂದು ಅಂದಾಜಿಸುವ ಸೂತ್ರವನ್ನು ಸಂಶೋಧಕ ಮಿರ್ವಾಲ್ಡ್ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟಿದ್ದಾರೆ. ಒಂದು ವರ್ಷದಷ್ಟು ಆಚೀಚೆ ಆಗುವ ಅಂದಾಜು ಅದು, ಗುಂಪುಗಳನ್ನು ಹೋಲಿಸಲು ಸಾಕು. ಹರೆಯದ ಹಂತ ನೋಡಲು ಮಕ್ಕಳ ಮೈ ಪರೀಕ್ಷಿಸುವುದು ವೈದ್ಯರ ಕೆಲಸ. ಮಾಸ್ತರರಾಗಲಿ ಅಕ್ಕೋರಾಗಲಿ ಅದಕ್ಕೆ ಕೈ ಹಾಕಬಾರದು.

ಓಟಕ್ಕೆ 20 ಮೀಟರ್ ಶಟಲ್ ಪರೀಕ್ಷೆ ಸಾಕು: 20 ಮೀಟರ್ ದೂರದ ಎರಡು ಗೆರೆಗಳ ನಡುವೆ ಬೀಪ್ ಸದ್ದಿಗೆ ಸರಿಯಾಗಿ ಹೋಗಿ ಬಂದು ಓಡುವುದು. ಟೇಪಿನಿಂದ ಅಳೆದು ಎರಡು ಗೆರೆ ಎಳೆಯಿರಿ, ಹೆಜ್ಜೆ ಲೆಕ್ಕ ಬೇಡ. ಬೀಪ್ ಗಂಟೆಗೆ 8.5 ಕಿ.ಮೀ. ವೇಗದಿಂದ ಶುರುವಾಗಿ ನಿಮಿಷಕ್ಕೆ 0.5ರಂತೆ ಏರುತ್ತದೆ, ಒಂದೊಂದು ನಿಮಿಷ ಒಂದೊಂದು ಹಂತ. ಸತತ ಎರಡು ಬೀಪಿಗೆ ಗೆರೆ ಮುಟ್ಟದಿದ್ದರೆ ಅಲ್ಲಿಗೆ ಮುಗಿಯಿತು. ಕೆಡುವುದು ತಿರುವಿನಲ್ಲಿ: ಮಕ್ಕಳು ಗೆರೆ ತುಳಿದು ತಿರುಗುವ ಬದಲು ದುಂಡಗೆ ಸುತ್ತಿ ಬರುತ್ತಾರೆ, ನಮ್ಮ ಕೆಂಪು ಮಣ್ಣಿನ ಮೈದಾನದ ಸಣ್ಣ ಕಲ್ಲಿನ ಮೇಲೆ ಜಾರುತ್ತಾರೆ. ತಿರುಗುವ ಜಾಗ ಗುಡಿಸಿ. ಮೊದಲ ಸಲದ ಅಂಕ ಲೆಕ್ಕಕ್ಕೆ ಹಿಡಿಯಬೇಡಿ, ಆಟ ಅರ್ಥವಾದದ್ದಕ್ಕೇ ಎರಡನೇ ಸಲ ಏರುತ್ತದೆ. ಕಾರವಾರದ ಕಡಲತೀರ ಓಡಲು ಚಂದ, ಅಳೆಯಲು ಆಗುವುದಿಲ್ಲ. ಭರತ ಇಳಿತಕ್ಕೆ ತಕ್ಕಂತೆ ಮರಳಿನ ಗಟ್ಟಿತನವೂ ಇಳಿಜಾರೂ ದಿನಕ್ಕೊಂದು ಥರ. ಒಂದು ಅಳತೆ ಮಳೆಗಾಲದ ತಂಪಿನಲ್ಲಿ, ಇನ್ನೊಂದು ಅಕ್ಟೋಬರಿನ ಸೆಕೆಯಲ್ಲಿ ಬಂದರೆ ಅದೂ ಕೆಟ್ಟಿತು, ಕರಾವಳಿಯ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಎರಡೂ ಗುಂಪನ್ನು ಒಂದೇ ದಿನ ಬೆಳಿಗ್ಗೆ ಏಳಕ್ಕೆ ಓಡಿಸಿದರೆ ಈ ತಾಪತ್ರಯದ ಬಹುಪಾಲು ಕಳೆಯುತ್ತದೆ.

ತರಬೇತಿಯ ತೀವ್ರತೆ ಬಗ್ಗೆ ಬಹಳ ಕಡೆ ತಪ್ಪು ಲೆಕ್ಕ. ಗರಿಷ್ಠ ನಾಡಿಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಸೂತ್ರ ಮಕ್ಕಳಿಗೆ ಹೊಂದುವುದಿಲ್ಲ. ಅವರಲ್ಲಿ ಅದು ಹದಿಹರೆಯದುದ್ದಕ್ಕೂ 200ರ ಆಸುಪಾಸಿನಲ್ಲೇ ಇರುತ್ತದೆ. ತರಬೇತಿಗೆ ಬೇಕಾದ ಅದರ ಶೇ. 85 ಎಂದರೆ 170, ಅಂದರೆ 10 ಸೆಕೆಂಡಿಗೆ 28 ಬಡಿತ. ನಿಂತ ತಕ್ಷಣ ಎಣಿಸಬೇಕು, ಮಕ್ಕಳ ನಾಡಿ ದೊಡ್ಡವರದ್ದಕ್ಕಿಂತ ಬೇಗ ಇಳಿಯುತ್ತದೆ. ಸಾಲಿನ ಕೊನೆಯವನವರೆಗೆ ಮಾಸ್ತರರು ನಡೆದು ಹೋಗುವಷ್ಟರಲ್ಲಿ ಸಿಗುವುದು ಸುಳ್ಳು ಅಂಕಿ. ಕುತ್ತಿಗೆಯ ನಾಡಿ ಹಿಡಿದು ತಾವೇ ಎಣಿಸುವುದನ್ನು ಕಲಿಸಿ.

ಇನ್ನೊಂದು ಒಳಸುಳಿ ಕಬ್ಬಿಣಾಂಶದ ಮಾತ್ರೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇರುವ ಹುಡುಗಿ ಮಾತ್ರೆ ಸರಿಯಾಗಿ ನುಂಗಲು ಶುರುಮಾಡಿದರೆ ಓಟ ತಾನಾಗಿ ಸುಧಾರಿಸುತ್ತದೆ. ಮಾತ್ರೆಯೂ ತರಬೇತಿಯೂ ಒಟ್ಟಿಗೆ ಶುರುವಾದರೆ ಶ್ರೇಯಸ್ಸು ಯಾವುದಕ್ಕೆ? ಎರಡೂ ಗುಂಪಿಗೆ ಸಮನಾಗಿ ಸಿಗುತ್ತಿದೆಯೇ ಎಂದು ಹಾಜರಿಯಂತೆ ಬರೆದಿಡಿ.

ಲೆಕ್ಕ ಸುಲಭ. ಶಟಲ್ ಪರೀಕ್ಷೆಯಲ್ಲಿ ಓಡಿದ ಗುಂಪು ಸರಾಸರಿ 4.0 ಹಂತದಿಂದ 5.2ಕ್ಕೆ, ಓಡದ ಗುಂಪು 4.1ರಿಂದ 4.9ಕ್ಕೆ ಹೋಯಿತು ಎನ್ನಿ. ತರಬೇತಿಯ ಪಾಲು 1.2 ಅಲ್ಲ, ಓಡದವರೂ ಏರಿದ 0.8 ಕಳೆದು 0.4.

'ಓಡಿದರೆ ಎತ್ತರ ನಿಲ್ಲುತ್ತದೆಯೇ' ಎಂದೂ ಜೊತೆಗೇ ಕೇಳುತ್ತಾರೆ. ಊಟ ಸಾಕಷ್ಟಿದ್ದರೆ ಇಲ್ಲ. ಗಮನಿಸಬೇಕಾದದ್ದು ಹಿಮ್ಮಡಿಯ ಹಿಂಭಾಗ, ಮಂಡಿಚಿಪ್ಪಿನ ಕೆಳಗಿನ ಎಲುಬಿನ ಉಬ್ಬು. ಬೆಳೆಯುವ ಎಲುಬಿಗೆ ಸ್ನಾಯುರಜ್ಜು ಅಂಟುವ ಜಾಗಗಳವು, ಎಳೆತಕ್ಕೆ ಮೊದಲು ನೋಯುವುದು ಅಲ್ಲೇ. ಕುಂಟುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹುಡುಗಿಗೆ 15 ತುಂಬಿದರೂ ಮುಟ್ಟು ಶುರುವಾಗದಿದ್ದರೆ, ಅಥವಾ ಶುರುವಾದದ್ದು ಮೂರು ತಿಂಗಳು ನಿಂತರೆ ಕೂಡ ಹಾಗೆಯೇ. ವಾರದ ಒಟ್ಟು ತರಬೇತಿ ಗಂಟೆ ಮಗುವಿನ ವಯಸ್ಸಿನ ಸಂಖ್ಯೆಯನ್ನು ದಾಟದಿರಲಿ, ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವಿರಲಿ.