ಕಪ್ಪೆಯ ಗಂಟಲಿನ ತಕರಾರು

ಅಂತೂ ಶನಿವಾರ ಮಧ್ಯಾಹ್ನದ ಆಟಕ್ಕೆ ಹೋಗಿ ಕೈಗೊಂಬೆಗಳ ಸಿನಿಮಾ ‘ದಿ ಮಪೆಟ್ಸ್’ ನೋಡಿಕೊಂಡು ಬಂದೆವು. ಬಿಡುಗಡೆಯಾಗಿದ್ದು ಬುಧವಾರ, 2011ರ ನವೆಂಬರ್ 23ಕ್ಕೆ. ಮಾರನೇ ದಿನ ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮನೆ ತುಂಬ ನೆಂಟರು, ಕದಲುವ ಹಾಗೇ ಇರಲಿಲ್ಲ. ಆ ಮೂರು ದಿನ ನಾನು ಫೋನೇ ಎತ್ತಲಿಲ್ಲ. ನಮ್ಮ ಗುಂಪಿನ ಇಬ್ಬರು ಆಗಲೇ ನೋಡಿಬಿಟ್ಟಿದ್ದರು, ಇಬ್ಬರ ಹೊಟ್ಟೆಯಲ್ಲೂ ಮಾತು ನಿಲ್ಲುವುದಿಲ್ಲ.

ಗುಂಪು ಅಂದರೆ ಇಷ್ಟೇ: ನಾನು, ನನ್ನ ಹಳೇ ಆಫೀಸಿನ ಅಕೌಂಟೆಂಟು, ಮತ್ತು ಲೈಬ್ರರಿಯಲ್ಲಿ ಮಕ್ಕಳಿಗೆ ಕೈಗೊಂಬೆ ಆಡಿಸಿ ಕಥೆ ಹೇಳುವ ಗೆಳತಿ. ಅಕೌಂಟೆಂಟ್ ಮಹಾಶಯ ಹುಟ್ಟು ಅಮೆರಿಕನ್. 1976ರಲ್ಲಿ ‘ದಿ ಮಪೆಟ್ ಶೋ’ ಟಿವಿಯಲ್ಲಿ ಶುರುವಾದಾಗ ಅವರಿಗೆ ಹನ್ನೆರಡು ವರ್ಷ. ಹಾಗಾಗಿ ಕರ್ಮಿಟ್ ಕಪ್ಪೆಯ ಮೇಲೆ ಅವರಿಗೆ ಒಂಥರಾ ಪಿತ್ರಾರ್ಜಿತ ಹಕ್ಕು.

ನನ್ನದು ಹಿಂಬಾಗಿಲ ಪ್ರವೇಶ. ನಾನು ಈ ದೇಶಕ್ಕೆ ಬಂದದ್ದು 2005ರಲ್ಲಿ. ಇಂಗ್ಲಿಷ್ ಬರುತ್ತಿತ್ತು, ಇಲ್ಲಿನವರ ನಗು ಬರುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡವಾಗಿ ನಾನೂ ಹಲ್ಲು ಬಿಡುತ್ತಿದ್ದೆ. ಇದನ್ನು ಗಮನಿಸಿ ಮಪೆಟ್ ಶೋ ಡಿವಿಡಿ ಕೈಗೆ ಕೊಟ್ಟವರು ಅದೇ ಅಕೌಂಟೆಂಟು. ಕಪ್ಪೆಯೊಂದು ನಾಟಕದ ಕಂಪನಿ ನಡೆಸುತ್ತೆ. ತೆರೆಯ ಹಿಂದೆ ಬರೀ ಎಡವಟ್ಟು, ಮುಂದೆ ಬಂದು ಅದು ಏನೂ ಆಗಿಲ್ಲವೆಂಬಂತೆ ಕೈ ಬೀಸುತ್ತೆ. ಬಾಲ್ಕನಿಯಲ್ಲಿ ಸ್ಟ್ಯಾಟ್ಲರ್, ವಾಲ್ಡಾರ್ಫ್ ಅಂತ ಇಬ್ಬರು ಮುದುಕರು ಪ್ರತಿ ಐಟಮ್ಮನ್ನೂ ಹೀಯಾಳಿಸುತ್ತಾರೆ, ಆದರೆ ಒಂದು ವಾರವೂ ತಪ್ಪಿಸುವುದಿಲ್ಲ. ಅಯ್ಯೋ, ಇವರು ನಮ್ಮವರೇ ಅನ್ನಿಸಿಬಿಟ್ಟಿತು! ಇದು ಅಸಲಿಗೆ ತಯಾರಾದದ್ದು ಅಮೆರಿಕದಲ್ಲೇ ಅಲ್ಲ, ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಅಂತ ಆಮೇಲೆ ತಿಳಿಯಿತು. ಇಲ್ಲಿನ ಟಿವಿ ಕಂಪನಿಗಳು ಬೇಡವೆಂದ ಮೇಲೆ ಅಲ್ಲಿನ ಟಿವಿ ಧಣಿ ಲ್ಯೂ ಗ್ರೇಡ್ ದುಡ್ಡು ಹಾಕಿದರಂತೆ. ಐದು ಸೀಸನ್, 120 ಕಂತು.

ಈಗ ಒಂದು ಗುಟ್ಟು ಹೇಳುತ್ತೇನೆ, ನಮ್ಮ ಗುಂಪಿನಲ್ಲಿ ಇದನ್ನು ಬಾಯಿಬಿಟ್ಟವಳಲ್ಲ. ನಾನು ಡಿವಿಡಿ ನೋಡಿದ್ದು ಕೈಗೆ ಸಿಕ್ಕ ಕ್ರಮದಲ್ಲಿ. ಇವತ್ತು 1979ರ ಸಿನಿಮಾ, ನಾಳೆ 1992ರ ಕ್ರಿಸ್‌ಮಸ್ ಸಿನಿಮಾ, ನಾಡಿದ್ದು ಮತ್ತೆ ಹಳೇ ಶೋ. ಕರ್ಮಿಟ್‌ಗೆ ಕೈಯೂ ದನಿಯೂ ಆಗಿದ್ದ ಜಿಮ್ ಹೆನ್ಸನ್ 1990ರ ಮೇ 16ರಂದು, ಬರೀ 53ನೇ ವಯಸ್ಸಿಗೆ ತೀರಿಹೋಗಿದ್ದರು. ಆಮೇಲಿನ ಕರ್ಮಿಟ್ ಸ್ಟೀವ್ ವಿಟ್ಮೈರ್. ನನಗೆ ಇದು ಗೊತ್ತೇ ಆಗಿರಲಿಲ್ಲ. ಎರಡೂ ಒಂದೇ ಕಪ್ಪೆ ಅಂದುಕೊಂಡು ತಿಂಗಳುಗಟ್ಟಲೆ ನೋಡಿದ್ದೆ. ಒಂದು ರಾತ್ರಿ ಡಿವಿಡಿ ಪೆಟ್ಟಿಗೆಯ ಹಿಂಬದಿ ಓದುತ್ತ ವಿಷಯ ಗೊತ್ತಾಗಿ, ಹದಿನೈದು ವರ್ಷ ತಡವಾಗಿ ಅತ್ತೆ. ನಮ್ಮನೆಯವರು ಅಡುಗೆಮನೆಯಿಂದ ಓಡಿಬಂದು “ಊರಿಂದ ಫೋನ್ ಬಂತಾ?” ಅಂತ ಕೇಳಿದರು. ಏನಂತ ಹೇಳಲಿ?

ಸಿನಿಮಾಕ್ಕೆ ಬರುತ್ತೇನೆ. 1999ರ ಮೇಲೆ ಮಪೆಟ್‌ಗಳದ್ದು ಥಿಯೇಟರಿಗೆ ಬಂದದ್ದು ಇದೇ ಮೊದಲು, ಹನ್ನೆರಡು ವರ್ಷದ ಅಂತರ. ಜೇಮ್ಸ್ ಬೋಬಿನ್ ನಿರ್ದೇಶನ. ನಾಯಕನಾಗಿ ನಟಿಸಿರುವ ಜೇಸನ್ ಸೀಗಲ್ ಕಥೆಯಲ್ಲೂ ಪಾಲುದಾರ. ಗುಂಪು ಚೆದುರಿಹೋಗಿದೆ, ಹಳೇ ಥಿಯೇಟರು ಎಣ್ಣೆ ಧಣಿಯೊಬ್ಬನ ಬಾಯಿಗೆ ಬೀಳುವುದರಲ್ಲಿದೆ, ಉಳಿಸಲು ಹತ್ತು ಮಿಲಿಯನ್ ಡಾಲರ್ ಬೇಕು. ಕಥೆ ಇಷ್ಟೇ, ಇದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ.

ಹಿಡಿಸಿದ್ದು ಮೊದಲು. ದೊಡ್ಡ ಬಂಗಲೆಯಲ್ಲಿ ಕರ್ಮಿಟ್ ಒಬ್ಬನೇ. ಗೋಡೆಯ ಮೇಲೆ ಹಳೇ ಗೆಳೆಯರ ಪಟಗಳು. ಅವುಗಳ ಮುಂದೆ ನಡೆಯುತ್ತ ಹಾಡುತ್ತಾನೆ, ಪಟದೊಳಗಿನವರು ಒಬ್ಬೊಬ್ಬರಾಗಿ ದನಿಗೂಡಿಸುತ್ತಾರೆ. ಥಿಯೇಟರಿನಲ್ಲಿ ಪಾಪ್‌ಕಾರ್ನ್ ಕಡಿಯುವ ಸದ್ದೂ ನಿಂತಿತು. ಎಲ್ಲರೂ ಹುಡುಕುತ್ತಿದ್ದ ಪಟ ಒಂದೇ, ಹೆನ್ಸನ್ ಅವರದು ಅಂತ ನನ್ನ ಗುಮಾನಿ. ಇನ್ನೊಂದು, ರಾಲ್ಫ್ ನಾಯಿಯದು. ಎಲ್ಲರನ್ನೂ ಕರೆತಂದದ್ದನ್ನು ತೋರಿಸಿದಿರಿ, ನನ್ನದೇಕೆ ಬಿಟ್ಟಿರಿ ಅಂತ ಅವನ ದೂರು. ತೋರಿಸುತ್ತಾರೆ: ಜೋಲಿಯಲ್ಲಿ ಮಲಗಿದ್ದಾನೆ, ಕರ್ಮಿಟ್ ಬಂದು ಮತ್ತೆ ಸೇರೋಣವಾ ಅನ್ನುತ್ತಾನೆ, ಇವನು ಹೂಂ ಅನ್ನುತ್ತಾನೆ. ಮುಗಿಯಿತು. ಮಗಳು ಕುರ್ಚಿಯಿಂದ ಜಾರಿಬೀಳುವಷ್ಟು ನಕ್ಕಳು. ಅವಳಿಗೆ ಆರು ವರ್ಷ, ಅಷ್ಟು ಒಣ ಜೋಕು ಅವಳಿಗೆ ಹೇಗೆ ದಕ್ಕಿತೋ ಕಾಣೆ.

ಹಿಡಿಸದ್ದು ವಾಲ್ಟರ್. ಈ ಸಿನಿಮಾಕ್ಕೆಂದೇ ಹುಟ್ಟಿದ ಹೊಸ ಗೊಂಬೆ, ಮಪೆಟ್‌ಗಳ ಕಟ್ಟಾ ಅಭಿಮಾನಿ. ನಮ್ಮಂಥವರನ್ನೇ ಗೊಂಬೆ ಮಾಡಿ ತೆರೆಯ ಮೇಲೆ ನಿಲ್ಲಿಸಿದ್ದಾರೆ ಅಂತ ಎಲ್ಲರೂ ಖುಷಿಪಡುತ್ತಿದ್ದಾರೆ. ಪಡಲಿ. ನನ್ನನ್ನು ನಾನೇ ನೋಡಿಕೊಳ್ಳಲು ಟಿಕೆಟ್ ಯಾಕೆ? ಮನೆಯಲ್ಲಿ ಕನ್ನಡಿ ಇದೆ. ಅವನು ಕೊನೆಗೆ ಸಿಳ್ಳೆ ಹಾಕುವಾಗ ಮಾತ್ರ ಸೋತೆ, ಆ ಮಾತು ಬೇರೆ.

ಸಂಜೆ ಮೂವರೂ ಫೋನಿನಲ್ಲಿ ಸೇರಿದೆವು. ಲೈಬ್ರರಿ ಗೆಳತಿಗೆ ಕೋಪ: ರಿಜೋ ಇಲಿಯನ್ನು ನೆಪಕ್ಕೆ ತಂದು ಬಿಟ್ಟಿದ್ದಾರೆ. ನ್ಯಾಯವಾದ ದೂರು; ಅದೂ ವಿಟ್ಮೈರ್ ಕೈಯ ಗೊಂಬೆಯೇ, ಕರ್ಮಿಟ್ ಕೈಗೆ ಬರುವ ಮೊದಲೇ ಅವರದಾಗಿದ್ದದ್ದು. ಅಕೌಂಟೆಂಟು ಮಾತ್ರ ತಮ್ಮ ಹಳೇ ರಾಗವನ್ನೇ ತೆಗೆದರು. “ಕಪ್ಪೆ ಅದಲ್ಲ. ಗಂಟಲು ಅದಲ್ಲ.” ಇಪ್ಪತ್ತೊಂದು ವರ್ಷದಿಂದ ಅದೇ ಮಾತು! ಹಂದಿ ಮಿಸ್ ಪಿಗ್ಗಿ, ಫಾಜಿ ಕರಡಿ ಇಬ್ಬರ ಗಂಟಲೂ ಬದಲಾಗಿದೆಯಲ್ಲ, ಫ್ರ್ಯಾಂಕ್ ಆಜ್ ಬಿಟ್ಟ ಮೇಲೆ ಎರಿಕ್ ಜೇಕಬ್‌ಸನ್ ಮಾಡುತ್ತಿದ್ದಾರಲ್ಲ, ಅದಕ್ಕೆ ಯಾಕೆ ಚಕಾರವಿಲ್ಲ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಫ್ರ್ಯಾಂಕ್ ಬದುಕಿದ್ದಾರೆ” ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಮಗಳು ಕಾಲುಚೀಲ ಹಿಡಿದುಕೊಂಡು ಬಂದಳು. ಕರ್ಮಿಟ್ ಮಾಡಿಕೊಡಬೇಕಂತೆ. ಗೆಳತಿ ಫೋನಿನಲ್ಲೇ ಹೇಳಿಕೊಟ್ಟಳು: ನಾಲ್ಕು ಬೆರಳು ಮೇಲಿನ ದವಡೆ, ಹೆಬ್ಬೆರಳು ಕೆಳಗಿನದು. ಮಾತಾಡುವಾಗ ಹೆಬ್ಬೆರಳು ಮಾತ್ರ ಕೆಳಗಿಳಿಯಬೇಕು. ಎಲ್ಲರೂ ಮಾಡುವ ತಪ್ಪು, ಬೆರಳನ್ನು ಮೇಲೆತ್ತುವುದು. ಆಗ ಗೊಂಬೆ ಮಾತಾಡುವುದಿಲ್ಲ, ತಲೆ ಹಿಂದಕ್ಕೆ ಎಗರಿ ಡಬ್ಬಿಯ ಮುಚ್ಚಳ ತೆರೆದ ಹಾಗೆ ಕಾಣುತ್ತೆ. ನಾನು ಮಾಡಿದ್ದೂ ಅದನ್ನೇ. ಹತ್ತು ಸಲ ತಿದ್ದಿಕೊಂಡ ಮೇಲೆ ‘ಅಮ್ಮ’ ಅನ್ನುವ ಎರಡೇ ಅಕ್ಷರ ಸರಿಯಾಗಿ ಬಂತು. ತೋಳು ತಲೆಯ ಮೇಲೆತ್ತಿ ಮೂರು ನಿಮಿಷ ಹಿಡಿಯುವುದರೊಳಗೆ ಭುಜ ಕಲ್ಲಾಯಿತು. ಮಪೆಟ್ ಆಡಿಸುವವರು ದಿನವಿಡೀ ಹಿಡಿಯುತ್ತಾರೆ, ಅದೂ ಗೊಂಬೆಯ ಕಡೆ ನೋಡದೆ, ಕೆಳಗಿಟ್ಟ ಪುಟ್ಟ ಟಿವಿಯಲ್ಲಿ ನೋಡಿಕೊಂಡು. ಅದು ಕನ್ನಡಿಯಲ್ಲ, ಎಡಬಲ ತಿರುಗಿಸಿ ತೋರಿಸುವುದಿಲ್ಲ. 1979ರ ಸಿನಿಮಾದಲ್ಲಿ ಕರ್ಮಿಟ್ ಜೌಗಿನ ನಡುವೆ ಮರದ ದಿಮ್ಮಿಯ ಮೇಲೆ ಕೂತು ಬ್ಯಾಂಜೊ ನುಡಿಸುತ್ತಾನಲ್ಲ, ಆಗ ಹೆನ್ಸನ್ ನೀರಿನಡಿಯ ಲೋಹದ ತೊಟ್ಟಿಯೊಳಗೆ ಮುದುರಿ ಕೂತಿದ್ದರು. ಉಸಿರಿಗೊಂದು ಕೊಳವೆ, ನೋಡಲು ಒಂದು ಪುಟ್ಟ ಪರದೆ.

ಮಗಳು ಕಾಲುಚೀಲದ ಮುಖವನ್ನು ದಿಟ್ಟಿಸಿ “ಅಮ್ಮ, ಬೇಜಾರು ಮಾಡ್ಕೊಂಡಿರೋ ಥರ ಮಾಡು” ಅಂದಳು. ಕೈಯನ್ನು ಮೆಲ್ಲಗೆ ಮುಷ್ಟಿ ಮಾಡಿದೆ. ಬಟ್ಟೆ ಮುದುರಿಕೊಂಡು ತುಟಿ ಒಳಗೆ ಹೋಯಿತು. ಥೇಟ್ ಕರ್ಮಿಟ್! ಆಗ ಹೊಳೆಯಿತು. ಆ ಕಪ್ಪೆಯ ತಲೆಯೊಳಗೆ ಯಂತ್ರ ಗಿಂತ್ರ ಏನೂ ಇಲ್ಲ, ಇರುವುದು ಒಂದು ಮುಷ್ಟಿ ಮಾತ್ರ. ಪಟಗಳ ಮುಂದೆ ಹಾಡುವಾಗ ಮುದುರಿದ್ದು ವಿಟ್ಮೈರ್ ಅವರ ಕೈ. ಹೆನ್ಸನ್ ಪಟದ ಮುಂದೆ ನಿಲ್ಲುವ ಹಕ್ಕು ಅವರಿಗಿಂತ ಹೆಚ್ಚು ಯಾರಿಗಿದೆ? ಇದನ್ನು ಅಕೌಂಟೆಂಟರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಆದರೆ ಮಂಗಳವಾರಕ್ಕೆ ಇನ್ನೊಂದು ಟಿಕೆಟ್ ತೆಗೆದುಕೊಂಡಿದ್ದಾರಂತೆ. ಯಾಕೆ ಅಂತ ಕೇಳಿದರೆ, “ಇಷ್ಟವಾಗಲಿಲ್ಲ ಅನ್ನೋದನ್ನ ಖಾತ್ರಿ ಮಾಡ್ಕೋಬೇಕು” ಅಂದರು. ಬಾಲ್ಕನಿಯ ಮುದುಕರ ಪಕ್ಕ ಮೂರನೇ ಕುರ್ಚಿ ಹಾಕಿಸಬೇಕು.

ಒಂದು ತಪ್ಪು ಮಾಡಿದೆ. ಮಲಗಿಸುವಾಗ ಮಗಳಿಗೆ ಮೊದಲ ಕರ್ಮಿಟ್ ಹುಟ್ಟಿದ ಕಥೆ ಹೇಳಿದೆ. 1955ರಲ್ಲಿ ಹೆನ್ಸನ್ ಇನ್ನೂ ಹುಡುಗ; ಅಮ್ಮ ಹಾಕಿ ಬಿಟ್ಟಿದ್ದ ಹಳೇ ಹಸಿರು ಕೋಟು ಕತ್ತರಿಸಿ ಮೈ ಮಾಡಿದರು, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣು ಮಾಡಿದರು. ಅವಳು ಎಲ್ಲ ಕೇಳಿಸಿಕೊಂಡು, “ನಿನ್ ಹತ್ರಾನೂ ಹಸಿರು ಕೋಟು ಇದ್ಯಲ್ಲಮ್ಮ?” ಅಂದಳು.

ಕೋಟು ಈಗ ಬೀರುವಿನ ಮೇಲಿನ ಹಲಗೆಯಲ್ಲಿದೆ. ಕತ್ತರಿ ನನ್ನ ದಿಂಬಿನ ಕೆಳಗೆ.